ಹಸಿರು ಚುಕ್ಕೆ ಇದ್ದರೆ ಸಾಕಾ? ಪ್ರಾಣಿಯ ಪಾಡೇನು ಅಂತ ಪ್ಯಾಕೆಟ್ ಹೇಳುವುದೇ ಇಲ್ಲವಲ್ಲ

ತುಂಗೆಯ_ದಡ:
ಎಲ್ಲರಿಗೂ ನಮಸ್ಕಾರ. ನಮ್ಮದು ಸಸ್ಯಾಹಾರಿ ಮನೆ. ಹಾಲು, ಮೊಸರು, ತುಪ್ಪ ಬಳಸುತ್ತೇವೆ. ಮೊಟ್ಟೆ ತಿನ್ನುವುದಿಲ್ಲ. ಅಂಗಡಿಯಲ್ಲಿ ಏನು ಕೊಂಡರೂ ಮೊದಲು ಹಸಿರು ಚುಕ್ಕೆ ನೋಡುತ್ತೇವೆ.

ಪಿಯುಸಿ ಓದುತ್ತಿರುವ ಮಗಳು ಎರಡು ಪ್ರಶ್ನೆ ಕೇಳಿದ್ದಾಳೆ. ಎರಡಕ್ಕೂ ನನ್ನ ಹತ್ತಿರ ಸರಿಯಾದ ಉತ್ತರವಿಲ್ಲ. ಮೊದಲನೆಯದು, ಚಿಪ್ಸ್ ಪ್ಯಾಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿ 627, 631 ಅಂತ ರುಚಿ ಹೆಚ್ಚಿಸುವ ಪದಾರ್ಥಗಳ ನಂಬರ್ ಇರುತ್ತದೆ. ಅದು ಮೀನಿನಿಂದ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಆದರೆ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇದೆ. ಯಾವುದನ್ನು ನಂಬುವುದು? ಎರಡನೆಯದು ಇನ್ನೂ ಕಷ್ಟದ್ದು. ಪ್ರಾಣಿಗೆ ನೋವಾಗಬಾರದು ಅಂತ ತಾನೇ ನಾವು ಮಾಂಸ ತಿನ್ನುವುದಿಲ್ಲ. ಹಾಗಿದ್ದರೆ ಹಾಲು ಕೊಟ್ಟ ಹಸು ಹೇಗಿದೆ, ಅದರ ಕರು ಎಲ್ಲಿ ಹೋಯಿತು ಅಂತ ಯಾಕೆ ಕೇಳುವುದಿಲ್ಲ ಅಂದಳು.

ಗೊತ್ತಿರುವವರು ಹೇಳಿ. "ಹಾಗಾದರೆ ಗಾಳಿ ಕುಡಿದು ಬದುಕಿ" ಅನ್ನುವಂಥ ಉತ್ತರ ದಯವಿಟ್ಟು ಬೇಡ.

ಬಸವನಗುಡಿ_ವಾಸು:
ಅಕ್ಕ, ಆ ನಂಬರ್‌ಗಳೆಲ್ಲ ಹಂದಿ ಕೊಬ್ಬು. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಪಟ್ಟಿ ಬಂದಿದೆ. 100, 110, 120, 140, 322, 471, 631, 635. ಇವು ಕಂಡರೆ ಪ್ಯಾಕೆಟ್ ವಾಪಸ್ ಇಟ್ಟುಬಿಡಿ.

ಫುಡ್‌ಟೆಕ್_ಮೈಸೂರು:
ವಾಸು ಅವರೇ, ಆ ಪಟ್ಟಿಯನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ವರ್ಷಗಳಿಂದ ಸುತ್ತುತ್ತಿದೆ, ಅರ್ಧಕ್ಕಿಂತ ಜಾಸ್ತಿ ತಪ್ಪು. 100 ಅಂದರೆ ಅರಿಶಿನದ ಬಣ್ಣ. 140 ಎಲೆಯ ಹಸಿರು. 110 ಕಾರ್ಖಾನೆಯಲ್ಲಿ ಮಾಡುವ ಕಿತ್ತಳೆ ಬಣ್ಣ. 322 ಲೆಸಿಥಿನ್, ಸಾಮಾನ್ಯವಾಗಿ ಸೋಯಾದಿಂದ ತೆಗೆಯುತ್ತಾರೆ, ಮೊಟ್ಟೆಯಿಂದಲೂ ತೆಗೆಯಬಹುದು.

ನಿಜಕ್ಕೂ ಪ್ರಾಣಿಯಿಂದ ಬರುವುದು ಕೆಲವು ಮಾತ್ರ. 120 ಕೊಚಿನೀಲ್ ಎಂಬ ಕೀಟದ ಕೆಂಪು ಬಣ್ಣ. 441 ಅಂದರೆ ಜೆಲಟಿನ್, ಮೂಳೆ ಮತ್ತು ಚರ್ಮದಿಂದ. 542 ಮೂಳೆಯಿಂದ. 1105 ಮೊಟ್ಟೆಯಿಂದ. 901 ಜೇನುಮೇಣ, 904 ಅರಗು.

ತಲೆನೋವು ಇರುವುದು ಮಧ್ಯದ ಗುಂಪಿನಲ್ಲಿ. ಎಣ್ಣೆ, ನೀರು ಬೆರೆಯಲು ಹಾಕುವ 471, ರುಚಿಗೆ ಹಾಕುವ 627, 631, 635 ಇವನ್ನು ಗಿಡದಿಂದಲೂ ಮಾಡಬಹುದು, ಪ್ರಾಣಿಯಿಂದಲೂ ಮಾಡಬಹುದು. 631 ಮಾಂಸ ಅಥವಾ ಮೀನಿನಿಂದ ಬರಬಹುದು. ಮರಗೆಣಸಿನ ಪಿಷ್ಟ ಹುಳಿಸಿ ಮಾಡಿದ್ದೂ ಸಿಗುತ್ತದೆ. ಬರೀ ನಂಬರ್ ನೋಡಿ ಯಾವುದು ಅಂತ ಹೇಳಲು ಆಗುವುದಿಲ್ಲ. ಆದರೆ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಹಾಕಿದ್ದರೆ ಒಳಗಿನ 631 ಪ್ರಾಣಿ ಮೂಲದ್ದಾಗಿರುವಂತಿಲ್ಲ. ಅದು ಕಾನೂನು.

ಈ ವಿಷಯ ಕೋರ್ಟಿಗೂ ಹೋಗಿತ್ತು. 2021ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಸ್ಪಷ್ಟವಾಗಿ ಹೇಳಿತು: ಪ್ರತಿ ಪದಾರ್ಥವೂ ಗಿಡದ್ದೋ, ಪ್ರಾಣಿಯದ್ದೋ, ಲ್ಯಾಬಿನಲ್ಲಿ ಮಾಡಿದ್ದೋ ಅಂತ ತಿಳಿಸಬೇಕು, ಬರೀ ಕೋಡ್ ಹಾಕಿದರೆ ಸಾಲದು. ಪ್ರಾಣಿ ಮೂಲದ್ದು ಎಷ್ಟೇ ಚೂರು ಇದ್ದರೂ ಅದು ಮಾಂಸಾಹಾರ ಅಂತಲೂ ಹೇಳಿತು. ಆ ಆದೇಶದಲ್ಲಿ ಉದಾಹರಣೆಗೆ ತೆಗೆದುಕೊಂಡದ್ದೇ 631.

ಗಿರಿನಗರ_ಶೈಲಾ:
100 ಅರಿಶಿನವಾ! ಆ ಪಟ್ಟಿ ನೋಡಿ ನಮ್ಮ ಅತ್ತೆ ಉಪ್ಪಿನಕಾಯಿ ಬಾಟಲಿಯನ್ನೇ ಎಸೆದಿದ್ದರು. ಇವತ್ತೇ ಹೇಳುತ್ತೇನೆ.

ಬಸವನಗುಡಿ_ವಾಸು:
ಸರ್, ಪಟ್ಟಿ ತಪ್ಪಿರಬಹುದು, ಒಪ್ಪುತ್ತೇನೆ. ಆದರೆ ನನ್ನ ಅನುಮಾನ ಅಲ್ಲಿಗೆ ಮುಗಿಯುವುದಿಲ್ಲ. ಹಸಿರು ಚುಕ್ಕೆ ಹಾಕುವುದು ಕಂಪನಿಯೇ ಅಲ್ವಾ? ಪರೀಕ್ಷೆ ಮಾಡುವವರು ಯಾರು? ಲ್ಯಾಬಿಗೆ ಕೊಟ್ಟರೆ ಗೊತ್ತಾಗುತ್ತದಾ?

ಫುಡ್‌ಟೆಕ್_ಮೈಸೂರು:
ಈ ಪ್ರಶ್ನೆ ಸರಿಯಾದದ್ದು. ಹೌದು, ಚುಕ್ಕೆ ಹಾಕುವುದು ಕಂಪನಿಯೇ. ಚಿಪ್ಸ್ ತಂದು ಮಾಮೂಲಿ ಪರೀಕ್ಷೆ ಮಾಡಿದರೆ 631 ಮೀನಿನದ್ದೋ ಮರಗೆಣಸಿನದ್ದೋ ಗೊತ್ತಾಗುವುದಿಲ್ಲ. ಶುದ್ಧ ಮಾಡಿದ ಮೇಲೆ ಎರಡೂ ಒಂದೇ ವಸ್ತು. ಮೂಲ ತಿಳಿಯಬೇಕಾದರೆ ಕಾರ್ಖಾನೆಯ ಖರೀದಿ ಕಾಗದ, ಸರಬರಾಜು ಮಾಡಿದವರ ಪ್ರಮಾಣಪತ್ರ ನೋಡಬೇಕು. ಅಂದರೆ ಇಡೀ ವ್ಯವಸ್ಥೆ ನಿಂತಿರುವುದು ಕಾಗದದ ಮೇಲೆ, ಅಧಿಕಾರಿ ಬಂದು ಕಡತ ತೆಗೆಸುತ್ತಾರಾ ಅನ್ನುವುದರ ಮೇಲೆ. ತಪ್ಪು ಲೇಬಲ್ ಹಾಕಿದರೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 3 ಲಕ್ಷ ರೂಪಾಯಿವರೆಗೆ ದಂಡ ಇದೆ. ದೊಡ್ಡ ಕಂಪನಿಗೆ ದಂಡಕ್ಕಿಂತ ಹೆಸರು ಕೆಡುವ ಭಯವೇ ಜಾಸ್ತಿ.

ಸಾವಿರಕಂಬ:
ನಾನು ಮೂಡುಬಿದಿರೆಯ ಜೈನ. ನಮಗೆ ಹಸಿರು ಚುಕ್ಕೆ ಅರ್ಧ ದಾರಿಯವರೆಗೆ ಮಾತ್ರ ಸಹಾಯಕ್ಕೆ ಬರುತ್ತದೆ. ಯಾಕೆಂದರೆ ಮಾಂಸಾಹಾರ ಅಂದರೆ ಏನು ಅಂತ ಕಾನೂನಿನಲ್ಲಿ ಬರೆದಿರುವಾಗ ಹಾಲು, ಹಾಲಿನ ಪದಾರ್ಥ, ಜೇನು, ಜೇನುಮೇಣ, ಅರಗು ಇವನ್ನು ಹೊರಗಿಟ್ಟಿದ್ದಾರೆ. ಹಾಗಾಗಿ ಜೇನುತುಪ್ಪಕ್ಕೆ ಹಸಿರು ಚುಕ್ಕೆ. ನಮ್ಮ ಮನೆಯಲ್ಲಿ ಜೇನು ವರ್ಜ್ಯ. ಮಿಠಾಯಿಗೆ ಹೊಳಪು ಬರಲು ಹಚ್ಚುವ ಅರಗು ಕೀಟದಿಂದ ಬರುವುದು, ಅದಕ್ಕೂ ಹಸಿರು ಚುಕ್ಕೆ. ಯಾರನ್ನೂ ದೂರುತ್ತಿಲ್ಲ. ಆದರೆ ಈ ಚುಕ್ಕೆ ಎಲ್ಲ ಸಸ್ಯಾಹಾರಿಗಳ ಲೆಕ್ಕಕ್ಕೂ ಸರಿಹೋಗುತ್ತದೆ ಅಂತ ತಿಳಿಯಬಾರದು.

ಇನ್ನೊಂದು, ಕಾಜು ಬರ್ಫಿ ಮೇಲಿನ ಬೆಳ್ಳಿ ವರ್ಕ್. ಹಿಂದೆ ಅದನ್ನು ದನದ ಕರುಳಿನ ಪೊರೆಗಳ ನಡುವೆ ಇಟ್ಟು ಬಡಿದು ತೆಳ್ಳಗೆ ಮಾಡುತ್ತಿದ್ದರು. ನಮ್ಮ ಹಿರಿಯರು ವರ್ಕ್ ಇರುವ ಸಿಹಿ ಮುಟ್ಟುತ್ತಿರಲಿಲ್ಲ. 2016ರಲ್ಲಿ ಕೇಂದ್ರದ ಆಹಾರ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ನಿಯಮ ತಂದು, ವರ್ಕ್ ಮಾಡುವ ಯಾವ ಹಂತದಲ್ಲೂ ಪ್ರಾಣಿ ಮೂಲದ ವಸ್ತು ಬಳಸಬಾರದು ಅಂದಿತು. ಜನ ಬಿಡದೆ ಕೇಳಿದ್ದರಿಂದ ಬಂದ ನಿಯಮ ಅದು. ನೆನಪಿರಲಿ.

ಕೋಟೇಶ್ವರದ_ಹುಡುಗ:
ಮಾರಾಯ್ರೆ, ಬರ್ಫಿ ಮೇಲಿನ ಬೆಳ್ಳಿಗೆ ಇಷ್ಟು ಕಥೆ ಇದೆ ಅಂತ ಗೊತ್ತೇ ಇರಲಿಲ್ಲ. ಬಿಡಿ ಸಿಹಿಗೆ ಪ್ಯಾಕೆಟ್ಟೇ ಇಲ್ಲವಲ್ಲ, ಅಲ್ಲಿ ಏನು ನೋಡುವುದು?

ಹಾಸನದ_ಬೇಕರಿ:
ಕೋಟೇಶ್ವರದವರ ಪ್ರಶ್ನೆಗೆ ನನ್ನ ಕಸುಬಿನಿಂದ ಉತ್ತರ. ನಮ್ಮದು ಬೆಂಗಳೂರಿನಲ್ಲಿ ಸಣ್ಣ ಬೇಕರಿ. ಹಾಸನದ ಕಡೆಯಿಂದ ಬಂದು ಅಯ್ಯಂಗಾರ್ ಬೇಕರಿ ನಡೆಸುವವರು ಎಷ್ಟು ಜನ ಅಂತ ನಿಮಗೇ ಗೊತ್ತು. 1898ರಲ್ಲಿ ಚಿಕ್ಕಪೇಟೆಯಲ್ಲಿ ಶುರುವಾದ ಸಂಪ್ರದಾಯ ಅದು. ಮೊಟ್ಟೆ ಇಲ್ಲ ಅನ್ನುವ ನಂಬಿಕೆಯ ಮೇಲೇ ಜನ ಬರುತ್ತಾರೆ.

ಮೊಟ್ಟೆ ಹಾಕದ ಕೇಕ್ ಉಬ್ಬಲು ಕೇಕ್ ಜೆಲ್ ಹಾಕುತ್ತಾರೆ. ಅದರಲ್ಲಿ 471 ಇರುತ್ತದೆ. ನಾವು ಡಬ್ಬಿಯ ಮೇಲೆ ಹಸಿರು ಚುಕ್ಕೆ ಇರುವುದನ್ನೇ ತರಿಸುತ್ತೇವೆ. ಆದರೆ ಗಿರಾಕಿಗೆ ಆ ಡಬ್ಬಿ ಕಾಣುವುದಿಲ್ಲ. ಬರ್ತ್‌ಡೇ ಕೇಕ್ ಮೇಲಿನ ಹೊಳೆಯುವ ಜೆಲ್, ಮಾರ್ಷ್‌ಮೆಲೊ, ಸಕ್ಕರೆ ಗೊಂಬೆ ಇವು ಹೊರಗಿಂದ ಬರುತ್ತವೆ. ಅಲ್ಲೇ ಜೆಲಟಿನ್ ನುಸುಳುವುದು. ಇನ್ನು ಮೊಟ್ಟೆ ಕೇಕನ್ನೂ ಮಾಡುವ ಅಂಗಡಿಯಾದರೆ ಒಂದೇ ಓವನ್, ಒಂದೇ ಟ್ರೇ, ಒಂದೇ ಬೀಟರ್. ತೊಳೆಯುತ್ತಾರೆ, ನಿಜ. ನಿಮಗೆ ಅದು ಸರಿಯಾ ಇಲ್ಲವಾ ನೀವೇ ನೋಡಿಕೊಳ್ಳಿ.

ನನ್ನ ಸಲಹೆ ಇಷ್ಟೇ. ಕೌಂಟರ್‌ನಲ್ಲಿ ನಿಂತು "ಎಗ್‌ಲೆಸ್ಸಾ?" ಅಂತ ಮಾತ್ರ ಕೇಳಬೇಡಿ. "ಮೇಲಿನ ಅಲಂಕಾರದಲ್ಲಿ ಜೆಲಟಿನ್ ಇದೆಯಾ, ಡಬ್ಬಿ ತೋರಿಸಿ" ಅನ್ನಿ. ಸರಿಯಾದ ಬೇಕರಿಯವರು ತೋರಿಸುತ್ತಾರೆ, ಬೇಜಾರು ಮಾಡಿಕೊಳ್ಳುವುದಿಲ್ಲ.

ಗಿರಿನಗರ_ಶೈಲಾ:
ಪಿಜ್ಜಾ ಚೀಸ್ ಬಗ್ಗೆ ಯಾರಾದರೂ ಹೇಳಿ. ಹಾಲು ಹೆಪ್ಪುಗಟ್ಟಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ ಅಂತ ಕೇಳಿದ್ದೆ.

ಫುಡ್‌ಟೆಕ್_ಮೈಸೂರು:
ನಮ್ಮ ದೇಶದ ನಿಯಮದಲ್ಲೇ ಚೀಸ್‌ಗೆ ಪ್ರಾಣಿ ಮೂಲದ್ದಲ್ಲದ ರೆನೆಟ್ ಅಂತ ಇದೆ. ಶಿಲೀಂಧ್ರದಿಂದ ಮಾಡಿದ್ದನ್ನು ಬಳಸುತ್ತಾರೆ. ಪರದೇಶದ ಚೀಸ್ ಬೇರೆ ಮಾತು. ಇಟಲಿಯ ಅಸಲಿ ಪಾರ್ಮಿಜಾನೋ ರೆಜ್ಜಾನೋಗೆ ಕರುವಿನ ರೆನೆಟ್ಟೇ ಆಗಬೇಕು ಅಂತ ಅವರ ನಿಯಮ. ಪ್ರವಾಸಕ್ಕೆ ಹೋದವರು ಗಮನಿಸಿ.

ಗದಗ_ಮಾಸ್ತರ್:
ಒಂದು ಬೇರೆ ಮಾತು. ನನಗೆ ಹಸಿರು, ಕಂದು ಎರಡೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಹುಟ್ಟಿನಿಂದ ಬಂದ ಬಣ್ಣಗುರುಡು. ಮೊದಲು ಎರಡಕ್ಕೂ ಚೌಕದೊಳಗೆ ದುಂಡು ಚುಕ್ಕೆಯೇ ಇತ್ತು. ಹೆಂಡತಿ ಜೊತೆಗಿಲ್ಲದಿದ್ದರೆ ಅಂಗಡಿಯವರನ್ನು ಕೇಳಬೇಕಿತ್ತು, ಅವರು ವಿಚಿತ್ರವಾಗಿ ನೋಡುತ್ತಿದ್ದರು. 2020ರ ಲೇಬಲ್ ನಿಯಮದಲ್ಲಿ ಮಾಂಸಾಹಾರಕ್ಕೆ ಕಂದು ತ್ರಿಕೋನ ಮಾಡಿದರು. ನನ್ನಂಥವರಿಗೆ ಅದು ಎಷ್ಟು ದೊಡ್ಡ ಉಪಕಾರ ಅಂತ ಮಾತಿನಲ್ಲಿ ಹೇಳಲಾರೆ. ಈಗ ನಾನೊಬ್ಬನೇ ಸಂತೆಪೇಟೆ ಮಾಡುತ್ತೇನೆ.

ತುಂಗೆಯ_ದಡ:
ಮಾಸ್ತರ್, ಇದು ನನಗೆ ಹೊಳೆದೇ ಇರಲಿಲ್ಲ. ತಿಳಿಸಿದ್ದಕ್ಕೆ ಧನ್ಯವಾದ. ನನ್ನ ಎರಡನೆಯ ಪ್ರಶ್ನೆಗೂ ಯಾರಾದರೂ ಬನ್ನಿ. ಹಸು, ಕರು, ಕೋಳಿ.

ಮ್ಯೂನಿಕ್_ಕನ್ನಡಿಗ:
ಎರಡಕ್ಕೂ ಸ್ವಲ್ಪ ಸ್ವಲ್ಪ ಹೇಳುತ್ತೇನೆ. ಭಾರತದ ಹಸಿರು ಚುಕ್ಕೆಯ ಬೆಲೆ ಇಲ್ಲಿಗೆ ಬಂದ ಮೇಲೆ ಗೊತ್ತಾಗುತ್ತದೆ. ಜರ್ಮನಿಯಲ್ಲಿ ಎಲ್ಲ ಪ್ಯಾಕೆಟ್ ಮೇಲೂ ಕಡ್ಡಾಯ ಚಿಹ್ನೆ ಅಂತ ಏನೂ ಇಲ್ಲ. ವಿ ಅಕ್ಷರದ ಹಳದಿ ಗುರುತು ಕೆಲವು ಕಂಪನಿಗಳು ತಾವಾಗಿ ಹಾಕಿಕೊಳ್ಳುತ್ತವೆ. ಮೊಸರಿನಲ್ಲಿ ಜೆಲಟಿನ್ ಇರಬಹುದು. ಹಣ್ಣಿನ ರಸ ತಿಳಿಯಾಗಲು ಜೆಲಟಿನ್ ಬಳಸಿ ಸೋಸಿ ತೆಗೆದಿದ್ದರೆ ಅದನ್ನು ಲೇಬಲ್‌ನಲ್ಲಿ ಹೇಳಬೇಕಾಗಿಯೇ ಇಲ್ಲ. ಸೇಬಿನ ರಸ ಅಂದರೆ ಸಸ್ಯಾಹಾರ ಅಂತ ಯಾರಿಗೆ ಅನುಮಾನ ಬರುತ್ತದೆ ಹೇಳಿ.

ಆದರೆ ಪ್ರಾಣಿಯ ಪಾಡಿನ ವಿಷಯದಲ್ಲಿ ಇಲ್ಲಿಯವರು ಮುಂದಿದ್ದಾರೆ. ಪ್ರತಿ ಮೊಟ್ಟೆಯ ಮೇಲೆ ಒಂದು ಅಂಕಿ ಅಚ್ಚೊತ್ತಿರುತ್ತದೆ. 0 ಅಂದರೆ ಸಾವಯವ, 1 ಹೊರಗೆ ಓಡಾಡುವ ಕೋಳಿ, 2 ಕೊಟ್ಟಿಗೆಯೊಳಗೆ ನೆಲದ ಮೇಲೆ ಬಿಟ್ಟದ್ದು, 3 ಪಂಜರದ್ದು. ನಾನು ಮೊಟ್ಟೆ ತಿನ್ನುವುದಿಲ್ಲ, ಆದರೂ ಮೊದಲ ಸಲ ಆ ಅಂಕಿ ನೋಡಿದಾಗ ಇದನ್ನು ನಮ್ಮಲ್ಲೂ ಮಾಡಬಹುದಲ್ಲ ಅನ್ನಿಸಿತು. ಯುರೋಪ್ ಒಕ್ಕೂಟದಲ್ಲಿ 2012ರ ಜನವರಿಯಿಂದ ಕೂರಲು ಕೋಲು, ಗೂಡು ಯಾವುದೂ ಇಲ್ಲದ ಹಳೆಯ ಕಾಲದ ಬರೀ ಪಂಜರ ನಿಷೇಧ. ಜರ್ಮನಿಯಲ್ಲಿ 2022ರ ಜನವರಿಯಿಂದ ಗಂಡು ಮರಿಗಳನ್ನು ಹುಟ್ಟಿದ ತಕ್ಷಣ ಕೊಲ್ಲುವುದೂ ನಿಷೇಧ. ಒಂದು ಕೊರತೆ ಇದೆ. ಆ ಅಂಕಿ ಇಡೀ ಮೊಟ್ಟೆಗೆ ಮಾತ್ರ. ಕೇಕ್, ಪಾಸ್ತಾದೊಳಗಿನ ಮೊಟ್ಟೆ ಎಲ್ಲಿಯದು ಅಂತ ಗೊತ್ತಾಗುವುದಿಲ್ಲ.

ಮೊಟ್ಟೆ_ಮಾತ್ರ_ತಿನ್ನುವೆ:
ಗಂಡು ಮರಿಗಳನ್ನು ಕೊಲ್ಲುತ್ತಾರಾ? ಯಾಕೆ?

ಹೊಸಕೋಟೆ_ಕುಮಾರ್:
ಮೇಡಂ, ನಾನು ಕೋಳಿ ಫಾರಂಗಳಿಗೆ ಫೀಡ್ ಸಪ್ಲೈ ಮಾಡುತ್ತೇನೆ. ಮೊಟ್ಟೆ ಕೋಳಿಯ ತಳಿ ಬೇರೆ, ಮಾಂಸದ ಬ್ರಾಯ್ಲರ್ ತಳಿ ಬೇರೆ. ಮೊಟ್ಟೆ ತಳಿಯ ಗಂಡು ಮೊಟ್ಟೆ ಇಡುವುದಿಲ್ಲ, ಬೇಗ ಮೈ ತುಂಬುವುದೂ ಇಲ್ಲ. ಸಾಕಿದರೆ ನಷ್ಟ. ಹಾಗಾಗಿ ಹ್ಯಾಚರಿಯಲ್ಲಿ ಮೊದಲ ದಿನವೇ ಬೇರೆ ಮಾಡುತ್ತಾರೆ. ಬಹಳಷ್ಟು ಕಡೆ ಅಲ್ಲೇ ಅವುಗಳ ಕಥೆ ಮುಗಿಯುತ್ತದೆ.

ಪಂಜರದ ವಿಷಯ ಹೇಳುತ್ತೇನೆ. ನಮ್ಮ ಕಡೆ ಮೊಟ್ಟೆ ಫಾರಂ ಅಂದರೆ ತಂತಿ ಪಂಜರವೇ. ಒಂದೊಂದು ಕೋಳಿಗೆ ಸಿಗುವ ಜಾಗ ಒಂದು ಹಾಳೆ ಎ4 ಕಾಗದಕ್ಕಿಂತ ಕಡಿಮೆ. ರೆಕ್ಕೆ ಬಿಚ್ಚಲು ಆಗುವುದಿಲ್ಲ. ಕಾಲಡಿ ತಂತಿ. ನೆಲ ಕೆದಕುವುದು, ಮಣ್ಣಿನಲ್ಲಿ ಹೊರಳಾಡುವುದು ಕೋಳಿಯ ಹುಟ್ಟುಗುಣ, ಅದಕ್ಕೆ ಅವಕಾಶವೇ ಇಲ್ಲ. ಮಾಲೀಕರು ಕೆಟ್ಟವರು ಅಂತಲ್ಲ. ಮೊಟ್ಟೆ ಅಗ್ಗಕ್ಕೆ ಬೇಕು ಅಂದರೆ ಹೀಗೇ ಆಗುತ್ತದೆ. 2017ರಲ್ಲಿ ಕಾನೂನು ಆಯೋಗ ತನ್ನ 269ನೇ ವರದಿಯಲ್ಲಿ ಈ ಪಂಜರಗಳ ಬಗ್ಗೆ ಬರೆದಿತ್ತು. ಫಾರಂಗಳಲ್ಲಿ ನನ್ನ ಕಣ್ಣಿಗೆ ದೊಡ್ಡ ಬದಲಾವಣೆ ಬಿದ್ದಿಲ್ಲ.

ಮೊಟ್ಟೆ_ಮಾತ್ರ_ತಿನ್ನುವೆ:
ನಾನು ಜಾಸ್ತಿ ದುಡ್ಡು ಕೊಟ್ಟು ಕಂದು ಮೊಟ್ಟೆ ತರುತ್ತೇನೆ. ಅದು ನಾಟಿ ಕೋಳಿಯದ್ದಲ್ವಾ?

ಹೊಸಕೋಟೆ_ಕುಮಾರ್:
ಬಣ್ಣ ತಳಿಯಿಂದ ಬರುತ್ತದೆ. ಕಂದು ಮೊಟ್ಟೆ ಇಡುವ ಫಾರಂ ತಳಿಗಳೂ ಇವೆ, ಅವೂ ಪಂಜರದಲ್ಲೇ ಇರಬಹುದು. ಡಬ್ಬಿಯ ಮೇಲೆ ಹೊಲ, ಹುಲ್ಲು, ಕೋಳಿಯ ಚಿತ್ರ ಇದ್ದರೂ ಅಷ್ಟೇ. "ಪಂಜರವಿಲ್ಲದ್ದು" ಅಂತ ಅಕ್ಷರದಲ್ಲಿ ಬರೆದಿದ್ದರೆ ಫಾರಂ ಎಲ್ಲಿ ಅಂತ ಕೇಳಿ. ಹತ್ತಿರವಿದ್ದರೆ ಹೋಗಿ ನೋಡಿ.

ವಕೀಲೆ_ಧಾರವಾಡ:
ಕಾನೂನಿನ ಒಂದು ಅಂಶ ಸೇರಿಸುತ್ತೇನೆ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು. ಪ್ರಾಣಿ ಮೈ ಆಡಿಸಲು ಆಗದಷ್ಟು ಚಿಕ್ಕ ಪಂಜರದಲ್ಲಿ ಇಡುವುದು 11ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ ಎಷ್ಟು ಗೊತ್ತಾ? 10 ರೂಪಾಯಿಯಿಂದ 50 ರೂಪಾಯಿ. ಲೇಬಲ್ ತಪ್ಪಾದರೆ 3 ಲಕ್ಷ, ಪ್ರಾಣಿಗೆ ಹಿಂಸೆ ಕೊಟ್ಟರೆ 50 ರೂಪಾಯಿ. ನನಗೆ ಇದು ನಾಚಿಕೆಯ ವಿಷಯ.

ಕೋಳಿಸಾರು_ಮಂಡ್ಯ:
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಾನು ಮಾಂಸ ತಿನ್ನುವವನು. ಪ್ರಾಣಿಯ ಮೇಲೆ ಕರುಣೆ ಸಸ್ಯಾಹಾರಿಗಳಿಗೆ ಮಾತ್ರ ಇದೆ ಅನ್ನುವ ಹಾಗೆ ಮಾತು ಹೋಗುತ್ತಿದೆ. ನಮ್ಮ ಅಮ್ಮ ಹಿತ್ತಲಲ್ಲಿ ನಾಟಿ ಕೋಳಿ ಸಾಕುತ್ತಿದ್ದರು. ರಾಗಿ ಹಾಕಿ, ಸಂಜೆ ಕೂಗಿ ಕರೆದು ಬುಟ್ಟಿ ಮುಚ್ಚುತ್ತಿದ್ದರು. ಹಬ್ಬಕ್ಕೆ ಕೊಯ್ಯುತ್ತಿದ್ದರು, ನಿಜ. ಆದರೆ ಅದು ಬದುಕಿದಷ್ಟು ದಿನ ಕೋಳಿಯಾಗಿಯೇ ಬದುಕಿತ್ತು. ನೀವು ಹಸಿರು ಚುಕ್ಕೆ ನೋಡಿ ಕುಡಿಯುವ ಹಾಲಿನ ಹಸು ಹಾಗೆ ಬದುಕಿದೆಯಾ? ಜಗಳಕ್ಕೆ ಕೇಳುತ್ತಿಲ್ಲ. ಬ್ರಾಯ್ಲರ್ ಹೇಗೆ ಬೆಳೆಯಿತು ಅಂತ ತಿಳಿಯುವ ಲೇಬಲ್ ನನಗೂ ಬೇಕು.

ಬಸವನಗುಡಿ_ವಾಸು:
ಕೊಯ್ದು ತಿಂದ ಮೇಲೆ ಕರುಣೆ ಎಲ್ಲಿಂದ ಬಂತು?

ಕೋಳಿಸಾರು_ಮಂಡ್ಯ:
ಕುಡಿದು ಮುಗಿಸಿದ ಮೇಲೆ ಕರು ಎಲ್ಲಿ ಹೋಯಿತು ಅಂತ ನೀವು ಹೇಳಿ, ಆಮೇಲೆ ನಾನು ಹೇಳುತ್ತೇನೆ.

ನಿರ್ವಾಹಕರು:
ಇಬ್ಬರೂ ಸ್ವಲ್ಪ ಸಮಾಧಾನ. ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡಬೇಕಾ ಬಾಳೆಹಣ್ಣು ಕೊಡಬೇಕಾ ಅಂತ ಶುರುವಾಗಿದ್ದ ಮೂರು ಪ್ರತಿಕ್ರಿಯೆಗಳನ್ನೂ, ತಿರುಪತಿ ಲಡ್ಡುವಿನ ತುಪ್ಪದ ಚರ್ಚೆಯನ್ನೂ ಬೇರೆ ಎಳೆಗೆ ಹಾಕಿದ್ದೇನೆ. ಅಲ್ಲಿ ಮುಂದುವರಿಸಿ.

ರೈತ_ಚನ್ನರಾಯಪಟ್ಟಣ:
ಕರು ಎಲ್ಲಿ ಹೋಯಿತು ಅಂತ ನಾನು ಹೇಳುತ್ತೇನೆ. ನಮ್ಮ ಮನೆಯಲ್ಲಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಅನ್ನುವ ಸೀಮೆ ತಳಿಯ ಹಸುಗಳಿವೆ. ಬೆಳಿಗ್ಗೆ, ಸಂಜೆ ಡೈರಿಗೆ ಹಾಲು ಹಾಕುತ್ತೇವೆ. ಹೆಣ್ಣು ಕರು ಹುಟ್ಟಿದರೆ ಮನೆಯಲ್ಲಿ ಹಬ್ಬ. ಗಂಡು ಹುಟ್ಟಿದರೆ ಯಾರೂ ಮಾತಾಡುವುದಿಲ್ಲ. ಉಳುಮೆಗೆ ಟ್ರಾಕ್ಟರ್ ಬಂದಿದೆ. ಸೀಮೆ ತಳಿಯ ಗಂಡಿಗೆ ಹಿಣಿಲೂ ಇಲ್ಲ, ಬಿಸಿಲೂ ತಡೆಯುವುದಿಲ್ಲ. ಹಿಂಡಿ, ಬೂಸಾ ಬೆಲೆ ನಿಮಗೆ ಗೊತ್ತಿರಲಿಕ್ಕಿಲ್ಲ. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನವೂ ಸೇರಿ ಕೈಗೆ ಉಳಿಯುವುದು ಅಷ್ಟರಲ್ಲೇ ಇದೆ.

ಮೊದಲು ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದರು. ಎಲ್ಲಿಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. 2020ರ ಗೋಹತ್ಯೆ ನಿಷೇಧ ಕಾಯ್ದೆ 2021ರಲ್ಲಿ ಜಾರಿಯಾದ ಮೇಲೆ ಹಸು, ಎತ್ತು, ಕರು ಯಾವುದನ್ನೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ವಿನಾಯಿತಿ. ಕಡಿಯುವುದು ನಿಂತರೆ ಒಳ್ಳೆಯದೇ, ನನಗೂ ಹಸು ಅಂದರೆ ದೇವರು. ಆದರೆ ಕರು ಸಾಕುವ ಖರ್ಚು ಯಾರದು? ಕೆಲವರು ರಾತ್ರಿ ದೂರ ಒಯ್ದು ಬಿಟ್ಟು ಬರುತ್ತಾರೆ. ಕೆಲವರು ಹಾಲು ಬಿಡದೆ ಸುಮ್ಮನಾಗುತ್ತಾರೆ, ನಾಲ್ಕು ದಿನದಲ್ಲಿ ಅದು ತಾನಾಗಿ ಹೋಗುತ್ತದೆ. ಬರೆಯಲು ಸಂಕಟವಾಗುತ್ತದೆ. ಆದರೆ ನಿಮ್ಮ ಮಗಳು ಕೇಳಿದ್ದಾಳೆ, ನಿಜವನ್ನೇ ಹೇಳಬೇಕು.

ಈಗ ಹೆಣ್ಣು ಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯದ ಇಂಜೆಕ್ಷನ್ ಬಂದಿದೆ. ಹಸು ಬೆದೆಗೆ ಬಂದಾಗ ಅದನ್ನು ಕೊಡಿಸಿದರೆ ಹತ್ತಕ್ಕೆ ಒಂಬತ್ತು ಹೆಣ್ಣು ಅನ್ನುತ್ತಾರೆ. ನಾವು ಅದನ್ನೇ ಹಾಕಿಸುತ್ತಿದ್ದೇವೆ. ಕರುವಿನ ಸಂಕಟ ಕಡಿಮೆ ಮಾಡಲು ನನ್ನ ಕೈಯಲ್ಲಿ ಆಗುವುದು ಸದ್ಯಕ್ಕೆ ಇಷ್ಟು.

ತುಂಗೆಯ_ದಡ:
ಅಣ್ಣ, ಇಷ್ಟು ನೇರವಾಗಿ ಬರೆದದ್ದಕ್ಕೆ ಕೈಮುಗಿಯುತ್ತೇನೆ. ಮಗಳಿಗೆ ಓದಿ ಹೇಳಿದೆ. ಕರುವಿಗೆ ಹಾಲು ಬಿಟ್ಟು ಕರೆಯುವವರ ಹಾಲು ಅಂತ ಬೇರೆ ಗುರುತು ಇದ್ದರೆ, ಲೀಟರಿಗೆ ಹತ್ತು ರೂಪಾಯಿ ಜಾಸ್ತಿ ಕೊಟ್ಟರೆ, ರೈತರಿಗೆ ಸರಿಹೋಗುತ್ತದಾ?

ರೈತ_ಚನ್ನರಾಯಪಟ್ಟಣ:
ಅಕ್ಕ, ಆ ಹತ್ತು ರೂಪಾಯಿ ನಮ್ಮ ಕೈಗೇ ಬಂದರೆ ಖಂಡಿತ ಆಗುತ್ತದೆ. ಆದರೆ ಡೈರಿಯಲ್ಲಿ ಎಲ್ಲರ ಹಾಲೂ ಒಂದೇ ಕ್ಯಾನಿಗೆ, ಒಂದೇ ಟ್ಯಾಂಕಿಗೆ. ಯಾರ ಹಸುವಿನ ಹಾಲು ಯಾವ ಪ್ಯಾಕೆಟ್‌ನಲ್ಲಿದೆ ಅಂತ ಹೇಳುವುದು ಹೇಗೆ?

ಹಾಲು_ಬಿಟ್ಟವಳು:
ಅದಕ್ಕೇ ನಾನು ಹಾಲು ಬಿಟ್ಟೆ. ಹಸಿರು ಬಣ್ಣದ ವಿ ಗುರುತು ನೋಡಿದ್ದೀರಾ? 2022ರಲ್ಲಿ ವೀಗನ್ ಆಹಾರದ ನಿಯಮ ಬಂತು. ಅದರಲ್ಲಿ ಹಾಲು, ಜೇನು ಏನೂ ಇರಬಾರದು. ತಯಾರಿಯಲ್ಲಿ ಸೋಸಲು ಬಳಸುವ ವಸ್ತು ಕೂಡ ಪ್ರಾಣಿಯದ್ದಾಗಿರಬಾರದು. ಪ್ರಾಣಿಗಳ ಮೇಲೆ ಪರೀಕ್ಷೆಯನ್ನೂ ಮಾಡಿರಬಾರದು. ಪದಾರ್ಥ ದಾಟಿ ಪ್ರಾಣಿಯವರೆಗೆ ನೋಡುವ ಗುರುತು ಇದು.

ರೈತ_ಚನ್ನರಾಯಪಟ್ಟಣ:
ತಂಗಿ, ನೀನು ಬಿಟ್ಟರೆ ನಿನಗೆ ಒಳ್ಳೆಯದು. ಎಲ್ಲರೂ ಬಿಟ್ಟರೆ ಮೊದಲು ಬೀದಿಗೆ ಬೀಳುವುದು ನಮ್ಮ ಹಸುಗಳು, ಆಮೇಲೆ ನಾವು.

ಹಾಲು_ಬಿಟ್ಟವಳು:
ಒಂದೇ ದಿನಕ್ಕೆ ಎಲ್ಲರೂ ಬಿಡುವುದಿಲ್ಲ ಅಣ್ಣ. ನಿಧಾನಕ್ಕೆ ಕಡಿಮೆಯಾದರೆ ಸಾಕುವ ಹಸುಗಳೂ ನಿಧಾನಕ್ಕೆ ಕಡಿಮೆಯಾಗುತ್ತವೆ. ನಿಮ್ಮ ಮೇಲೆ ಕೋಪ ಇಲ್ಲ. ಅಗ್ಗದ ಹಾಲು ಕೇಳುವ ಪಟ್ಟಣದವರ ಮೇಲೆ ಇದೆ. ಹುಟ್ಟಿನಿಂದ ನಾನೂ ಪಟ್ಟಣದವಳೇ.

ಪಶುವೈದ್ಯ_ನಿವೃತ್ತ:
ಹಾಲಿನ ವಿಷಯದಲ್ಲಿ ಇನ್ನೊಂದನ್ನು ಯಾರೂ ಹೇಳಲಿಲ್ಲ. ಆಕ್ಸಿಟೋಸಿನ್. ಕರು ಸತ್ತ ಎಮ್ಮೆ ಸೊರೆ ಬಿಡದಿದ್ದಾಗ ಕೆಲವರು ದಿನಾ ಈ ಇಂಜೆಕ್ಷನ್ ಚುಚ್ಚುತ್ತಾರೆ. ದುರ್ಬಳಕೆ ತಡೆಯಲು 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ತಯಾರಿಕೆ ನಿಲ್ಲಿಸಿ, ನಮ್ಮ ಬೆಂಗಳೂರಿನ ಸರ್ಕಾರಿ ಔಷಧ ಕಂಪನಿ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಒಂದೇ ತಯಾರಿಸಬೇಕು ಅಂದಿತು. ಬಾಣಂತಿಯರ ರಕ್ತಸ್ರಾವ ನಿಲ್ಲಿಸಲು ಇದೇ ಔಷಧ ಬೇಕು. ಒಂದೇ ಕಂಪನಿಯಾದರೆ ಕೊರತೆಯಾಗುತ್ತದೆ ಅಂತ ವಿಷಯ ಕೋರ್ಟಿಗೆ ಹೋಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶ ರದ್ದು ಮಾಡಿತು. ಕೋರ್ಟಿನ ನಿರ್ಧಾರ ಸರಿ ಅಂತಲೇ ನನ್ನ ಅಭಿಪ್ರಾಯ, ತಾಯಂದಿರ ಜೀವದ ಪ್ರಶ್ನೆ ಅದು. ಆದರೆ ಎಮ್ಮೆಯ ಸಮಸ್ಯೆ ಅಲ್ಲೇ ಉಳಿಯಿತು. ಕರುವನ್ನು ಚೆನ್ನಾಗಿ ಉಳಿಸಿಕೊಂಡರೆ ಚುಚ್ಚುವ ಅಗತ್ಯವೇ ಬರುವುದಿಲ್ಲ.

ರಾಮನಗರ_ನೂಲು:
ಆಹಾರ ಅಲ್ಲದಿದ್ದರೂ ಕೇಳುತ್ತೇನೆ. ಪೂಜೆಗೆ ಮಡಿ ಅಂತ ಉಡುವ ರೇಷ್ಮೆ ಸೀರೆಗೆ ಯಾವ ಚುಕ್ಕೆ? ನಮ್ಮೂರ ಗೂಡಿನ ಮಾರುಕಟ್ಟೆಯಿಂದ ಬಂದ ಗೂಡನ್ನು ಹುಳು ಒಳಗಿರುವಾಗಲೇ ಬಿಸಿನೀರಿಗೆ ಹಾಕಿ ನೂಲು ತೆಗೆಯುತ್ತೇವೆ. ಹುಳು ಗೂಡು ತೂತು ಮಾಡಿ ಹೊರಬಂದರೆ ಎಳೆ ತುಂಡಾಗುತ್ತದೆ.

ಸಾವಿರಕಂಬ:
ನಮ್ಮಲ್ಲಿ ಬಹಳ ಜನ ಅದಕ್ಕೇ ಹತ್ತಿ ಉಡುತ್ತಾರೆ. ಚಿಟ್ಟೆ ಹಾರಿಹೋದ ಮೇಲೆ ಉಳಿದ ಗೂಡಿನಿಂದ ನೂಲು ತೆಗೆದ ಅಹಿಂಸಾ ರೇಷ್ಮೆಯೂ ಸಿಗುತ್ತದೆ. ಹೊಳಪು ಕಡಿಮೆ, ಬೆಲೆ ಜಾಸ್ತಿ.

ಗಿರಿನಗರ_ಶೈಲಾ:
ಸಕ್ಕರೆ? ಮೂಳೆ ಇದ್ದಿಲಿನಲ್ಲಿ ಸೋಸುತ್ತಾರೆ ಅಂತ ಒಂದು ವಿಡಿಯೊ ನೋಡಿದೆ.

ಕೋಳಿಸಾರು_ಮಂಡ್ಯ:
ಅದು ಅಮೆರಿಕದ ಕೆಲವು ಕಾರ್ಖಾನೆಗಳ ವಿಷಯ. ನಮ್ಮ ಕಡೆ ಕಬ್ಬಿನ ಹಾಲು ತಿಳಿಯಾಗಲು ಸುಣ್ಣ, ಗಂಧಕದ ಹೊಗೆ ಬಳಸುತ್ತಾರೆ. ಅನುಮಾನ ಇದ್ದರೆ ಆಲೆಮನೆ ಬೆಲ್ಲ ತಿನ್ನಿ, ನಮ್ಮ ರೈತರಿಗೂ ಒಳ್ಳೆಯದಾಗುತ್ತದೆ.

ಮೆಡಿಕಲ್_ಅಂಗಡಿ_ಉಡುಪಿ:
ಔಷಧದ ಬಗ್ಗೆ ಎರಡು ಮಾತು. ಆಹಾರದ ಲೇಬಲ್ ಕಾನೂನು ಔಷಧಕ್ಕೆ ಅನ್ವಯಿಸುವುದಿಲ್ಲ. ಕ್ಯಾಪ್ಸೂಲ್‌ಗಳ ಹೊದಿಕೆ ಹೆಚ್ಚಾಗಿ ಜೆಲಟಿನ್. ಗಿಡದಿಂದ ಮಾಡಿದ ಹೊದಿಕೆಯದೂ ಇವೆ, ಕೇಳಬೇಕು. ವಿಟಮಿನ್ ಡಿ3 ಸಾಮಾನ್ಯವಾಗಿ ಕುರಿ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಆದರೆ ದಯವಿಟ್ಟು, ಡಾಕ್ಟರ್ ಬರೆದದ್ದನ್ನು ನೀವೇ ನಿಲ್ಲಿಸಬೇಡಿ. ಸಸ್ಯಾಹಾರಿ ಅಂತ ಮೊದಲೇ ಹೇಳಿದರೆ ಮಾತ್ರೆಯಲ್ಲೋ ಸಿರಪ್ಪಿನಲ್ಲೋ ಬೇರೆ ದಾರಿ ಹುಡುಕಬಹುದು.

ತುಂಗೆಯ_ದಡ:
ಎಲ್ಲ ಓದಿದೆ. ಮಗಳೂ ಓದಿದಳು. ನಾವು ಯೋಚಿಸಿದ್ದು ಹೇಳುತ್ತೇನೆ. ಪದಾರ್ಥದ ಮೂಲ ಬರೆಯದೆ ಬರೀ ನಂಬರ್ ಹಾಕಿದ ಪ್ಯಾಕೆಟ್ ಕಂಡರೆ ಕಂಪನಿಗೆ ಒಂದು ಮೇಲ್ ಹಾಕುತ್ತೇವೆ. ಉತ್ತರ ಬರದಿದ್ದರೆ ಆಹಾರ ಪ್ರಾಧಿಕಾರದ ಫುಡ್ ಸೇಫ್ಟಿ ಕನೆಕ್ಟ್‌ನಲ್ಲಿ ದೂರು ಕೊಡುತ್ತೇವೆ. ಹಾಲಿಗೆ, ನಮ್ಮ ಬಡಾವಣೆಯ ಹೊರಗೆ ಹಸು ಕಟ್ಟಿರುವ ಮನೆಯವರ ಹತ್ತಿರ ಮಾತಾಡಿದ್ದೇನೆ. ಕರುವಿಗೆ ಬಿಟ್ಟು ಉಳಿದದ್ದನ್ನು ಕೊಡಿ, ಬೆಲೆ ನೀವೇ ಹೇಳಿ ಅಂದೆ. ಅವರು ಒಪ್ಪಿದ್ದಾರೆ. ಗಂಡು ಕರು ಹುಟ್ಟಿದರೆ ಮೇವಿನ ಖರ್ಚಿನಲ್ಲಿ ಪಾಲು ಕೊಡಲು ಇನ್ನೆರಡು ಮನೆಯವರನ್ನು ಕೇಳುತ್ತಿದ್ದೇನೆ. ಹಾಲು ಪೂರ್ತಿ ಬಿಡಲು ಮನಸ್ಸು ಇನ್ನೂ ಒಪ್ಪಿಲ್ಲ.

ರೈತ_ಚನ್ನರಾಯಪಟ್ಟಣ:
ಮೇವಿನ ಪಾಲು ಅಂದಿರಲ್ಲ ಅಕ್ಕ, ಅದು ಸರಿಯಾದ ಮಾತು. ಹಾಲು ಕಾಯಿಸಿಯೇ ಕುಡಿಯಿರಿ. ಡೈರಿ ಪ್ಯಾಕೆಟ್‌ನಂತೆ ಪಾಶ್ಚರೀಕರಣ ಆಗಿರುವುದಿಲ್ಲ.

ವಕೀಲೆ_ಧಾರವಾಡ:
ದೂರು ಕೊಡುವಾಗ ಪ್ಯಾಕೆಟ್‌ನ ಎರಡೂ ಬದಿಯ ಫೋಟೊ, ಬ್ಯಾಚ್ ನಂಬರ್, ಬಿಲ್ ಮೂರನ್ನೂ ಹಾಕಿ. ಬಿಲ್ ಇಲ್ಲ ಅಂತ ದೂರು ಬದಿಗೆ ಸರಿಯುವುದು ಬೇಡ.

ಗದಗ_ಮಾಸ್ತರ್:
ಆ ಮೇಲ್ ಹೇಗೆ ಬರೆಯಬೇಕು ಅಂತ ಒಂದು ಕನ್ನಡದ ನಮೂನೆ ಇಲ್ಲೇ ಹಾಕಿ. ನಾನೂ ಕಳಿಸುತ್ತೇನೆ, ಶಾಲೆಯ ಉಳಿದ ಮಾಸ್ತರರಿಗೂ ಕೊಡುತ್ತೇನೆ.

ವಕೀಲೆ_ಧಾರವಾಡ:
ನಾಳೆ ಸಂಜೆಯೊಳಗೆ ಹಾಕುತ್ತೇನೆ ಸರ್.